ಮನೆದಾರಿಗೆ ನಾಲ್ಕು ಅಂಕ

ನನ್ನ ಸೋದರಮಾವನಿಗೆ ಹಾವು, ಆನೆ, ಎಸ್ಟೇಟಿನ ದೊರೆ ಯಾವುದರ ಭಯವೂ ಇರಲಿಲ್ಲ. ಅವರು ಹೆದರುತ್ತಿದ್ದದ್ದು ಒಂದು ಮರದ ಮಣೆಗೆ! ಹದಿನಾಲ್ಕು ಗುಳಿಗಳಲ್ಲಿ ಕಾಳು ಹಾಕಿ ಆಡುವ ಚೆನ್ನೆಮಣೆಗೆ. ನಗಬೇಡಿ. ನಾನೂ ಮೊದಲು ನಕ್ಕವಳೇ.

ನಾಪೋಕ್ಲಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಮಾವ ಲೆಕ್ಕ ಬರೆಯುವ ರೈಟರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ನಮ್ಮೂರಿನ ವಾಚನಾಲಯದಿಂದ ಒಂದು ಕೈಬರಹದ ಮಾಸಪತ್ರಿಕೆ ಹೊರಡುತ್ತಿತ್ತು. ತಿಂಗಳಿಗೆ ಒಂದೇ ಪ್ರತಿ. ಅದು ಮನೆಯಿಂದ ಮನೆಗೆ ತಿರುಗಿ, ಸಾರಿನ ಕಲೆ, ವೀಳ್ಯದ ಕಲೆ ಎಲ್ಲ ಅಂಟಿಸಿಕೊಂಡು ವಾಪಸು ಬರುತ್ತಿತ್ತು. ನನ್ನ ಅಕ್ಷರ ದುಂಡಗಿದ್ದ ಕಾರಣಕ್ಕೆ ಇಡೀ ಪತ್ರಿಕೆಯನ್ನು ನಕಲು ಮಾಡುವ ಶಿಕ್ಷೆ ನನ್ನದು. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕುಳಿತ ಹುಡುಗಿಗೆ ಬೇರೇನು ಕೆಲಸ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ನನ್ನನ್ನು ಕೇಳಿದವರು ಯಾರು?

ಆ ಪತ್ರಿಕೆಯಲ್ಲಿ ಜನ ಮೊದಲು ತೆರೆಯುತ್ತಿದ್ದದ್ದು ಮಾವನ ಪುಟವನ್ನು. ಮಾವ ಆಟಗಳ ವಿಮರ್ಶಕರು. ಆಡುವವರ ವಿಮರ್ಶಕರಲ್ಲ, ಆಟದ್ದೇ! ಹಾಕಿ, ಕೇರಂ, ಚದುರಂಗ, ಇಸ್ಪೀಟಿನ ಇಪ್ಪತ್ತೆಂಟು, ಲಗೋರಿ, ಕುಂಟೆಬಿಲ್ಲೆ ಎಲ್ಲಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಿದ್ದರು. ನಿಯಮಕ್ಕೆ ಮೂರು, ಅದೃಷ್ಟಕ್ಕೆ ಮೂರು, ಉಳಿದ ನಾಲ್ಕು ‘ಮನೆದಾರಿ’ಗೆ. ಮನೆದಾರಿ ಎಂದರೆ, ಆಟ ಮುಗಿದ ಮೇಲೆ ಆಡಿದವರು ಹೇಗೆ ಮನೆ ಸೇರುತ್ತಾರೆ ಎಂಬುದು. ಅದನ್ನು ತಿಳಿಯಲು ಮಾವ ಅವರ ಹಿಂದೆಯೇ ನಡೆದು ಹೋಗುತ್ತಿದ್ದರು!

ಒಮ್ಮೆ ಸೋತ ಹಾಕಿ ತಂಡದ ಹಿಂದೆ ಐದು ಮೈಲಿ ನಡೆದು, ಕಾಲಿಗೆ ಹತ್ತಿದ ಜಿಗಣೆ ಕೀಳುತ್ತಾ ಬಂದರು. ಸೋತವರು ದಾರಿಯುದ್ದಕ್ಕೂ ಹಾಡುತ್ತಿದ್ದರಂತೆ. ಮನೆದಾರಿಗೆ ಮೂರೂವರೆ. ಇಪ್ಪತ್ತೆಂಟರಲ್ಲಿ ಸೋತ ಒಬ್ಬ ಅಂಗಡಿಯವನು ಮನೆಗೆ ಹೋದವನೇ ತನ್ನ ನಾಯಿಗೆ ಒದ್ದ. ಅದಕ್ಕೆ ಅರ್ಧ ಅಂಕ, ಅದೂ ನಾಯಿ ತಿರುಗಿ ಕಚ್ಚಿದ್ದಕ್ಕೆ! ಚದುರಂಗದ ಮುಂದೆ ‘ಫಲಿತಾಂಶ ತಡೆಹಿಡಿಯಲಾಗಿದೆ’ ಎಂದಿತ್ತು. ಆಡಲು ಕುಳಿತ ಇಬ್ಬರು ಮೂರು ದಿನವಾದರೂ ಎದ್ದಿರಲಿಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಆಟಕ್ಕೆ ಏಳು, ಸೋತವನ ಬಾಯಿಗೂ ಒಂದು ಚೂರು ಕಾಯಿ ಬೀಳುತ್ತದೆ ಎಂದು. ಏಳಕ್ಕಿಂತ ಮೇಲೆ ಯಾವ ಆಟವನ್ನೂ ಅವರು ಹತ್ತಿಸಿದ್ದಿಲ್ಲ.

ಹಾಕಿಗೆ ಒಟ್ಟು ಬಂದದ್ದು ಆರು ಎಂದು ತಿಳಿದ ತಂಡದ ನಾಯಕ ಸ್ಟಿಕ್ ಹಿಡಿದುಕೊಂಡೇ ನಮ್ಮ ಜಗಲಿಗೆ ಬಂದ. ಒಮ್ಮೆಯೂ ಗೋಲು ಹೊಡೆಯದವರಿಗೆ ಅಂಕ ಕೊಡಲು ಏನು ಅಧಿಕಾರ ಎಂದು ಕೇಳಿದ. ಮಾವ ಅವನ ಹಣೆಯ ಗಾಯ ನೋಡಿ, ಮೊನ್ನೆ ಮನೆ ಮುಟ್ಟಿದಾಗ ತಾಯಿ ಏನೆಂದರು ಎಂದು ವಿಚಾರಿಸಿದರು. ಅವನು ಕಾಫಿ ಕುಡಿದು ಮೆತ್ತಗೆ ಹೋದ.

ಇಷ್ಟೆಲ್ಲ ಆಟಗಳ ನಡುವೆ ಚೆನ್ನೆಗೆ ಮಾತ್ರ ಅಂಕವಿರಲಿಲ್ಲ. ಜಡಿಮಳೆಯ ಆಟಿ ತಿಂಗಳು ಬಂತೆಂದರೆ ಊರಿನ ಹೆಂಗಸರೆಲ್ಲ ಚೆನ್ನೆಮಣೆಯ ಮುಂದೆ. ಗಂಡಸರ ಆಟಕ್ಕೆಲ್ಲ ಬರೆದವರು ನಮ್ಮ ಆಟಕ್ಕೆ ಯಾಕೆ ಬರೆಯುವುದಿಲ್ಲ ಎಂದು ಅವರು ನನ್ನನ್ನು ಪೀಡಿಸುತ್ತಿದ್ದರು. ನಾನು ಮಾವನನ್ನು ಪೀಡಿಸುತ್ತಿದ್ದೆ. ಮಾವ ಕೂಡಲೇ ಎಸ್ಟೇಟಿನ ಕೂಲಿಗಳ ಲೈನಿನಲ್ಲಿ ಏನೋ ಕೆಲಸ ನೆನಪಾಗಿ ಎದ್ದುಬಿಡುತ್ತಿದ್ದರು. ಯಾರದೋ ಮನೆಯಲ್ಲಿ ಚೆನ್ನೆಯ ಮಂಜೊಟ್ಟಿ ಕಾಳಿನ ಸದ್ದು ಕೇಳಿದರೆ ಮೆಟ್ಟಿಲಿನಿಂದಲೇ ವಾಪಸು. ಇವರೆಂಥ ವಿಮರ್ಶಕರು ಸ್ವಾಮಿ!

ಆ ವರ್ಷದ ಆಟಿಯಲ್ಲಿ ನನ್ನ ಅವ್ವನ ಹೊಟ್ಟೆಯಲ್ಲಿ ಗೆಡ್ಡೆ ಇದೆ ಎಂದು ಗೊತ್ತಾಯಿತು. ಮಡಿಕೇರಿಯ ಡಾಕ್ಟರು ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಆಪರೇಷನ್ ಆಗಲೇಬೇಕು, ಆಮೇಲಿನದ್ದು ಹೇಳಲಾಗದು ಎಂದರು. ಮರುದಿನ ಬೆಳಿಗ್ಗೆಯ ಬಸ್ಸಿಗೆ ಹೊರಡುವುದೆಂದು ಅಪ್ಪ ಟ್ರಂಕು ಕಟ್ಟುತ್ತಿದ್ದರು. ಮಧ್ಯಾಹ್ನ ಮಾವ ಬಂದು ಅಕ್ಕನ ಹಾಸಿಗೆಯ ಪಕ್ಕ ಕುಳಿತರು.

“ತಮ್ಮ, ಅಟ್ಟಂದ ಚೆನ್ನೆಮಣೆ ಇಳ್ಸು. ನಿನ್ನೊಟ್ಟಿಗೆ ಒಂದಾಟ ಆಡೊಕು” ಎಂದಳು ಅವ್ವ.

“ನಾ ಆಡುಲೆ ಅಕ್ಕ” ಎಂದು ಎದ್ದ ಮಾವ ಅಂಗಳಕ್ಕೆ ಇಳಿದು ಮಳೆಯಲ್ಲೇ ನಿಂತರು. ಆಗ ಅವ್ವ ನನಗೆ ಹೇಳಿದಳು, ಅದುವರೆಗೆ ಯಾರಿಗೂ ಹೇಳದ್ದನ್ನು.

ಒಡಹುಟ್ಟಿದವರು ಎದುರುಬದುರು ಕೂತು ಚೆನ್ನೆ ಆಡಬಾರದು, ಆಡಿದರೆ ಮನೆಗೆ ಕೇಡು ಎಂದು ನಮ್ಮಲ್ಲಿ ಹಿರಿಯರು ಹೇಳುವುದುಂಟು. ಅವ್ವನಿಗೆ ಹನ್ನೆರಡು, ಮಾವನಿಗೆ ಎಂಟು ವರ್ಷ. ಒಂದು ಆಟಿಯ ಸಂಜೆ ದೊಡ್ಡವರಿಗೆ ಕಾಣದ ಹಾಗೆ ಇಬ್ಬರೂ ಆಡಿದರು. ಮಾವ ಗೆದ್ದು ಕುಣಿಯುತ್ತಿದ್ದರಂತೆ. ಅದೇ ಹೊತ್ತಿಗೆ ಸುದ್ದಿ ಬಂತು. ಸಂತೆಯಿಂದ ಮನೆಗೆ ಬರುತ್ತಿದ್ದ ಅವರ ಅಪ್ಪ ಹೊಳೆಯ ಮೇಲಿನ ಮರದ ಪಾಲ ದಾಟುವಾಗ ನೀರಿನಲ್ಲಿ ಕೊಚ್ಚಿಹೋಗಿದ್ದರು. ಜಗಲಿಯಲ್ಲಿ ಹರಡಿದ ಮಣೆ ಕಂಡು ಅಜ್ಜಿ ಅಳುತ್ತಾ ಒಂದು ಮಾತು ಅಂದುಬಿಟ್ಟರು, ನೀವು ಆಡಿ ಅಪ್ಪನನ್ನು ಕಳಿಸಿದಿರಿ ಎಂದು. ಮರುದಿನ ಅಜ್ಜಿಗೆ ಆ ಮಾತಿನ ನೆನಪೂ ಇರಲಿಲ್ಲ. ಎಂಟು ವರ್ಷದವನಿಗೆ ಇತ್ತು.

ಎಷ್ಟು ವರ್ಷ ಆ ಮನೆದಾರಿಯ ಅಂಕಗಳನ್ನು ನಾನು ನಗುನಗುತ್ತಾ ನಕಲು ಮಾಡಿದ್ದೆ! ಆಡಿದವರೆಲ್ಲ ಮನೆ ಮುಟ್ಟಿದರೇ ಎಂದು ಒಬ್ಬ ಮನುಷ್ಯ ಅವರ ಹಿಂದೆ ಊರೂರು ನಡೆದು ನೋಡುತ್ತಿದ್ದದ್ದು ನನಗೆ ತಮಾಷೆಯಾಗಿತ್ತು. ನನಗೆ ನಾಚಿಕೆಯಾಯಿತು. ಹೋಗಿ ಅಟ್ಟದಿಂದ ಮಣೆ ನಾನೇ ಇಳಿಸಿದೆ.

ಮಾವ ಒದ್ದೆ ಬಟ್ಟೆಯಲ್ಲೇ ಬಾಗಿಲಲ್ಲಿ ನಿಂತು, ನಾಳೆ ಮಂಗಳೂರಿಗೆ ಹೋಗುವವಳು ಇವತ್ತು ಇದನ್ನು ಮುಟ್ಟುವುದೇ ಎಂದು ನನ್ನ ಮೇಲೆ ರೇಗಿದರು. “ನೀ ವಾಪಸ್ ಬಾರದಿದ್ರೆ?” ಎಂದು ಅಕ್ಕನನ್ನು ಕೇಳಿಯೇಬಿಟ್ಟರು.

“ಬಾರದಿದ್ರೆ ಗೆಡ್ಡೆಂದ. ಅಪ್ಪ ಹೋದ್ದು ಹೊಳೆಂದ. ಚೆನ್ನೆಂದ ಅಲ್ಲ” ಎಂದಳು ಅವ್ವ. “ಅದ್ನ ನಾ ಇರುವಾಗಲೇ ನಿಂಗೆ ಹೇಳೊಕು.”

ಮಾವ ಕುಳಿತರು. ನಾನು ಗುಳಿಗೆ ನಾಲ್ಕರಂತೆ ಕೆಂಪು ಕಾಳು ತುಂಬಿದೆ. ಮಾವನ ಕೈಯಿಂದ ಜಾರಿ ಎರಡು ಕಾಳು ಮಂಚದ ಕೆಳಗೆ ಉರುಳಿದವು. ಅಪ್ಪ ಟ್ರಂಕು ಬಿಟ್ಟು ಬಂದು ಹುಡುಕಿಕೊಟ್ಟರು. ಮೊದಲ ಸುತ್ತಿನಲ್ಲೇ ಮಾವ ತುಂಬಿದ ಗುಳಿಯನ್ನು ಬೇಕೆಂದೇ ಬಿಟ್ಟುಕೊಟ್ಟರು. ಅವ್ವ ಕಾಳನ್ನು ವಾಪಸು ಹಾಕಿ, ಸರಿಯಾಗಿ ಆಡದಿದ್ದರೆ ತಾನು ಬಸ್ಸು ಹತ್ತುವುದಿಲ್ಲ ಎಂದಳು. ಆಮೇಲೆ ಮಾವ ಆಡಿದರು ನೋಡಿ, ಹಲ್ಲು ಕಚ್ಚಿ. ಗೆದ್ದರೆ ಏನಾಗುತ್ತದೋ ಎಂಬ ಭಯ, ಸೋತರೂ ಅದೇ ಭಯ. ಅವ್ವ ನೋವಿಗೆ ಆಗಾಗ ಕಣ್ಣು ಮುಚ್ಚುತ್ತಿದ್ದಳು, ತೆರೆದವಳೇ ಒಂದು ಗುಳಿ ಬಾಚಿಕೊಳ್ಳುತ್ತಿದ್ದಳು. ಕೊನೆಗೆ ಗೆದ್ದದ್ದು ಅವಳೇ. ಮಾವ ಕಾಳುಗಳನ್ನು ಎಣಿಸಿ ಕಟ್ಟಿ, ಮಣೆಯನ್ನು ತಾವೇ ಅಟ್ಟಕ್ಕೆ ಏರಿಸಿದರು.

ಅವ್ವ, ಅಪ್ಪ ಮಂಗಳೂರಿಗೆ ಹೋದ ಮೇಲಿನ ಹದಿನೆಂಟು ದಿನ ನಮ್ಮಿಬ್ಬರದು ಏನು ಬದುಕು ಎನ್ನುತ್ತೀರಿ? ಮಾವ ದಿನವೂ ಸಂಜೆಯ ಬಸ್ಸಿಗೆ ಕೊಡೆ ಹಿಡಿದು ನಿಲ್ಲುತ್ತಿದ್ದರು. ಆಪರೇಷನ್ ಆಯಿತು ಎಂದು ಅಪ್ಪನ ಕಾರ್ಡು ಬಂತು. ಜ್ವರ ಬಿಟ್ಟಿಲ್ಲ ಎಂದು ಇನ್ನೊಂದು ಬಂತು. ಆಮೇಲೆ ಕಾರ್ಡೇ ಬರಲಿಲ್ಲ. ಮಾವ ಊಟ ಬಿಟ್ಟರು. ಹಾಕಿ ತಂಡದವರು ಒಂದು ಸಂಜೆ ಏನೂ ಕೇಳದೆ ಬಂದು ಅವರ ಪಕ್ಕದಲ್ಲಿ ನಿಂತರು.

ಹತ್ತೊಂಬತ್ತನೆಯ ಸಂಜೆ ಅವ್ವ ಬಸ್ಸಿನಿಂದ ಇಳಿದಳು, ಅರ್ಧದಷ್ಟಾಗಿ, ಅಪ್ಪನ ಹೆಗಲು ಹಿಡಿದು. ಮಾವ ಮನೆಯವರೆಗೂ ಅವಳ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ನಡೆದು ಬಂದರು. ಅವ್ವ ಹೊಸಿಲು ದಾಟಿದ್ದನ್ನು ನೋಡಿದ ಮೇಲೆಯೇ ಕೊಡೆ ಮಡಚಿದ್ದು.

ಆ ವಾರ ಚೆನ್ನೆಯ ವಿಮರ್ಶೆ ನನ್ನ ಕೈಗೆ ಬಂತು. ನಿಯಮಕ್ಕೆ ಮೂರು. ಅದೃಷ್ಟಕ್ಕೆ ಸೊನ್ನೆ, ಬರೀ ಲೆಕ್ಕದ ಆಟ ಎಂದು. ಮನೆದಾರಿಯ ಮುಂದೆ ಅಂಕವಿಲ್ಲ, ‘ಅಕ್ಕ ಮನೆಗೆ ಬಂದಳು’ ಎಂದು ಮಾತ್ರ ಇತ್ತು. ಎಷ್ಟು ಹಾಕಲಿ ಎಂದು ಕೇಳಿದೆ. “ಅದ್ಕೆ ಅಂಕ ಇಲ್ಲೆ” ಎಂದರು ಮಾವ. ಅಲ್ಲಿಗೆ ಒಟ್ಟು ಮೂರು! ತಾನು ಗೆದ್ದ ಆಟಕ್ಕೆ ಇಷ್ಟೇನಾ ಎಂದು ಅವ್ವ ಹಾಸಿಗೆಯಿಂದಲೇ ಜಗಳ ತೆಗೆದಳು. ಮಾವ ನಗುತ್ತಿದ್ದರು, ಕಣ್ಣು ಒರೆಸಿಕೊಳ್ಳುತ್ತಿದ್ದರು, ಮತ್ತೆ ನಗುತ್ತಿದ್ದರು. ಆಮೇಲೆ ಅವರು ಯಾರ ಹಿಂದೆಯೂ ನಡೆದು ಹೋಗಲಿಲ್ಲ.

ಇಡೀ ಪತ್ರಿಕೆಯನ್ನು ದುಂಡಗೆ ನಕಲು ಮಾಡುವ ನಾನು ಆ ತಿಂಗಳು ಆ ಒಂದು ಪುಟವನ್ನು ನಕಲು ಮಾಡಲಿಲ್ಲ. ಮಾವ ಬರೆದ ಹಾಳೆಯನ್ನೇ ಗಂಜಿ ಹಚ್ಚಿ ಅಂಟಿಸಿದೆ.