ಸಂಗನಬಸವನ ಕೌದಿ

ಮೌಸ್ ಮುಟ್ಟದೆ ಕಂಪ್ಯೂಟರ್ ನಡೆಸುವ ಗಂಡು ತಿಕೋಟಾದಲ್ಲಿ ತಾನೊಬ್ಬನೇ ಎಂಬ ಹೆಮ್ಮೆಯೇ ಆ ದಿನ ಸಂಗನಬಸವನಿಗೆ ಮುಳುವಾಯಿತು.

ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜಿನಲ್ಲಿ ಅವನ ಕೆಲಸ. ಅವನು ಹಾಕಿಕೊಂಡಿದ್ದ ಟೈಲಿಂಗ್ ವಿಂಡೋ ಮ್ಯಾನೇಜರ್ ಎಂಬ ತಂತ್ರಾಂಶ ಪರದೆಯ ಕಿಟಕಿಗಳನ್ನು ಒಂದರ ಮೇಲೊಂದು ಬೀಳಗೊಡದೆ ನೆಲದ ಫರಸಿಕಲ್ಲಿನಂತೆ ಜೋಡಿಸುತ್ತಿತ್ತು. ಅದರಲ್ಲೊಂದು ಕಿಟಕಿಯೊಳಗೆ ಟರ್ಮಿನಲ್ ಮಲ್ಟಿಪ್ಲೆಕ್ಸರ್ ಎಂಬ ಇನ್ನೊಂದು ತಂತ್ರಾಂಶ ಮತ್ತೆ ಚೌಕ ಕೊರೆದು, ಸ್ಟೋರೇಜಿನ ಖೋಲಿಗೊಂದರಂತೆ ಒಳಗಿನ ಥಂಡಿ ಎಷ್ಟೆಂದು ತೋರಿಸುತ್ತಿತ್ತು.

“ಇದು ಕಂಪ್ಯೂಟರೋ, ನಮ್ಮ ಅಮ್ಮಿ ತುಂಡು ಅರಿವಿ ಕೂಡಿಸಿ ಹೊಲಿದ ಕೌದಿನೋ, ಅಣ್ಣಾ?” ಅಂತ ಲೆಕ್ಕ ಬರೆಯುವ ರುಕ್ಸಾರ ದಿನಾ ಕಾಡುತ್ತಿದ್ದಳು.

ಅಥಣಿ ರಸ್ತೆಯಲ್ಲಿ, ಸರಿಯಾಗಿ ಸಂಗನಬಸವನ ಮನೆಯೆದುರು, ಹೊಸ ಆಫೀಸು ತೆರೆಯುವುದಿತ್ತು. ಅಲ್ಲಿಗೆ ಹೋದರೆ ದಿನಾ ಬಸ್ಸಿನ ಸರಳಿಗೆ ಜೋತಾಡುವುದು ತಪ್ಪುತ್ತಿತ್ತು. ಯಾರನ್ನು ಕಳಿಸುವುದೆಂದು ಮಾಲೀಕ ಬಸಗೊಂಡಪ್ಪನವರು ಇವತ್ತೇ ಹೇಳುವವರಿದ್ದರು.

ಬಂದವರೇ ಅವನ ಕುರ್ಚಿಯಲ್ಲಿ ಕೂತರು. “ಮೌಸ್ ಎಲ್ಲೈತೋ?”

“ಬೇಕಾಗಿಲ್ರೀ ಸಾವಕಾರ್ರ.”

ಸಾವಕಾರರು ಒಂದು ಕೀಲಿ ಒತ್ತಿದರು. ಚೌಕಗಳೆಲ್ಲ ಕುರ್ಚಿಯಾಟದ ಮಕ್ಕಳಂತೆ ಜಾಗ ಬದಲಿಸಿದವು.

“ತಡೀರಿ, ನಾ ನೋಡ್ತೀನಿ,” ಅಂತ ಥಂಡಿ ಮಶೀನು ನೋಡಿಕೊಳ್ಳುವ ಅಯೂಬ ಎರಡು ಕೀಲಿ ಒತ್ತಿದ. ಪರದೆ ತಲೆಕೆಳಗಾಯಿತು.

“ಅಯ್ಯ, ಅದಲ್ಲ ಅಯೂಬಭಾಯಿ, ಇದು!” ರುಕ್ಸಾರಳ ಬೆರಳು ಬಿದ್ದದ್ದೇ, ಥಂಡಿಯ ಕಿಟಕಿಯೇ ಮಾಯ.

“ಯಪ್ಪಾ! ಒಳಗ ರೈತರ ಮಾಲೈತಿ! ಥಂಡಿ ನಿಂತ್ರ ದ್ರಾಕ್ಷಿ ಕಪ್ಪಾಗ್ತಾವಲೇ!” ಬಸಗೊಂಡಪ್ಪನವರು ಎದೆ ಹಿಡಿದುಕೊಂಡರು.

ಸಂಗನಬಸವ ಮಾತ್ರ ಸೊಗಸಾದ ಪದ್ಯಕ್ಕೆ ಮುಂಚೆ ತಡೆದು ನಿಲ್ಲುವ ಪುರಾಣಿಕನಂತೆ ನಸುನಕ್ಕ. ನಿಧಾನ ಬಂದು ಕೀಲಿಮಣೆಯಲ್ಲಿ ಒಂದು ಸಾಲು ಬಡಿದ. ಕೌದಿ ಒಂದು ಹೊಲಿಗೆಯೂ ಬಿಚ್ಚದೆ ಮತ್ತೆ ಹಾಸಿಕೊಂಡಿತು.

“ಕಿಟಕಿ ಮುಚ್ಚಿದ್ರ ಮನಿಯೊಳಗಿನ ಕೆಲಸ ನಿಲ್ತೈತೇನ್ರಿ? ಒಳಗ ತನ್ನ ಪಾಡಿಗೆ ನಡದಿರ್ತೈತಿ. ಎಲ್ಲಿ ಕೂತು ಕರದ್ರೂ ಬರ್ತೈತಿ. ನಾ ಅಥಣಿ ರೋಡಿನ್ಯಾಗ ಕೂತ್ರೂ ಇಲ್ಲಿದು ನಡಸ್ತೀನ್ರಿ!”

“ಶಾಭಾಸ್!” ಬಸಗೊಂಡಪ್ಪನವರು ಅವನ ಬೆನ್ನು ತಟ್ಟಿದರು. ಸಂಗನಬಸವನ ಎದೆ ಅಂಗಿಯ ಗುಂಡಿ ಹರಿಯುವಷ್ಟು ಉಬ್ಬಿತು. “ಎಲ್ಲಿ ಕೂತ್ರೂ ನಡೀತೈತಿ ಅಂದಮ್ಯಾಲ ನೀ ಅಲ್ಲಿಗ್ಯಾಕ? ಅಲ್ಲಿದೂ ಇಲ್ಲೇ ಕೂತು ನಡಸು. ಈ ಕೌದಿಗೆ ಮಂದಿ ಕೈ ಬಿದ್ರ ಏನಾಗ್ತೈತಿ ಅಂತ ಈಗ ನೋಡಿದ್ವಲ್ಲ! ಅಲ್ಲಿಗೆ ಮೌಸ್ ಹಿಡಿಯೋ ರುಕ್ಸಾರ ಹೋಗ್ಲಿ.”

ರುಕ್ಸಾರ ಬ್ಯಾಗು ಎತ್ತಿಕೊಂಡಳು. “ಅಣ್ಣಾ, ಮನಿಗೆ ಏನರ ಹೇಳೂದಿದ್ರ ಹೇಳ್ರಿ. ಎದುರಿಗೇ ಇರ್ತೀನಿ.”

ಸಂಗನಬಸವ ತನ್ನ ಕುರ್ಚಿಗೆ ಮರಳಿದ. ಅಥಣಿ ರಸ್ತೆಗೆಂದು ಕೌದಿಗೆ ಇನ್ನೊಂದು ಚೌಕ ಹಚ್ಚಿದ.

ಮೌಸ್ ಮಾತ್ರ ಮುಟ್ಟಲಿಲ್ಲ.