ಗ್ರೈಂಡರ್ ಹೊತ್ತ ಭಾವ

ನಮ್ಮ ಕುಟುಂಬದ ಹೆಣ್ಣುಮಕ್ಕಳಿಗೆ ಸಮಾನತೆ ತಂದುಕೊಟ್ಟದ್ದು ದೋಸೆಹಿಟ್ಟು ರುಬ್ಬುವ ಒಂದು ಗ್ರೈಂಡರ್ ಎಂದರೆ ನೀವು ನಗುತ್ತೀರಿ. ನಗಿ! ಎಪ್ಪತ್ತರ ದಶಕದಲ್ಲಿ ಸಮಾನ ವೇತನದ ಕಾನೂನು ಬಂತು, ಅದರೊಂದಿಗೆ ಸಮಾನತೆಯೂ ಬಂತು ಎಂದು ಬರೆದವರನ್ನು ನಾನು ನಂಬುವುದಿಲ್ಲ. ಶಾಲೆಯನ್ನು ಅರ್ಧಕ್ಕೇ ಬಿಟ್ಟವನಾದರೂ ಆ ಕಾನೂನನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದೇನೆ. ಸಂಬಳದ ಮಾತಿದೆ, ಆಮೇಲೆ ಸೇರಿಸಿದ ಬಡ್ತಿ, ವರ್ಗಾವಣೆಗಳ ಮಾತೂ ಇದೆ. ಆದರೆ ವರ್ಗಾವಣೆಯಾದಾಗ ಗ್ರೈಂಡರ್ ಹೊರುವವರು ಯಾರು? ಕಾನೂನು ಮೌನ. ಅದನ್ನು ನುಂಗಿ ಕುಳಿತಿರುವ ಹೊಸ ವೇತನ ಸಂಹಿತೆಯೂ ಮೌನ!

ಹೊತ್ತವನು ನನ್ನ ತಂಗಿಯ ಗಂಡ, ದಾವಣಗೆರೆಯ ಶಾಲೆಯೊಂದರ ಡ್ರಾಯಿಂಗ್ ಮೇಷ್ಟ್ರು. ಬ್ಯಾಂಕಿನಲ್ಲಿದ್ದ ತಂಗಿಗೆ ಬಡ್ತಿ ಬಂತು, ಜೊತೆಗೆ ವಡೋದರಕ್ಕೆ ವರ್ಗಾವಣೆ. ಅಂಥ ಬಡ್ತಿಯನ್ನು ಬೇಡವೆಂದು ಬರೆದುಕೊಡುವುದು ಆ ಬ್ಯಾಂಕಿನ ಹೆಂಗಸರ ರೂಢಿ. ಅವಳೂ ಹಾಗೆಯೇ ನಿಶ್ಚಯಿಸಿದಳು, ಬಂಧುಗಳೆಲ್ಲ ಮೆಚ್ಚಿಕೊಂಡರು. ಭಾವ ಮಾತ್ರ ಎದ್ದುಹೋಗಿ ಗ್ರೈಂಡರಿಗೆ ಹಗ್ಗ ಬಿಗಿದು ಬಾಗಿಲಲ್ಲಿ ತಂದಿಟ್ಟ.

"ಗ್ರೈಂಡರ್ ವಡೋದರಕ್ಕೆ ಹೊರಟಿದೆ, ಅದರ ಹಿಂದೆ ನಾನು. ನೀನು ಬರೋದಾದ್ರೆ ಬಾ."

ಕೆಲಸ ಬಿಟ್ಟು ಹೊರಟೇಬಿಟ್ಟ! ಎಲ್ಲಿ ಕೆಲಸವೆಂದು ವಡೋದರದ ಅಲ್ಕಾಪುರಿ ಬಡಾವಣೆಯ ನೆರೆಯವರು ಕೇಳಿದರೆ, ತನಗೂ ಟ್ರಾನ್ಸ್‌ಫರ್ ಆಗಿದೆಯೆಂದು ಹಿಂದಿಯಲ್ಲಿ ಗಂಭೀರವಾಗಿ ಹೇಳಿ ದೋಸೆಯ ತಟ್ಟೆ ಮುಂದಿಡುತ್ತಿದ್ದ. ಅಧಿಕಾರಿಗಳ ಪತ್ನಿಯರಿಗೆಂದು ಬ್ಯಾಂಕಿನವರು ಏರ್ಪಡಿಸಿದ ರಂಗೋಲಿ ಸ್ಪರ್ಧೆಗೂ ಹೋದ. ಡ್ರಾಯಿಂಗ್ ಮೇಷ್ಟ್ರಲ್ಲವೇ, ಗೆದ್ದ. ಗೆದ್ದವರಿಗೆಲ್ಲ ಸೀರೆ, ಗಂಡಸಿಗೆ ಏನು ಕೊಡುವುದು? ಪೇಚಿಗೆ ಸಿಕ್ಕ ಮ್ಯಾನೇಜರು ತಮ್ಮ ಜೇಬಿನ ಪೆನ್ನನ್ನೇ ತೆಗೆದರು.

"ಸಮಾನ ರಂಗೋಲಿಗೆ ಸಮಾನ ಸೀರೆ, ಸಾರ್" ಎಂದ ಭಾವ. ಸೀರೆಯೊಂದಿಗೇ ಮನೆಗೆ ಬಂದ.

ಬಡ್ತಿಯ ಮೇಲೆ ಬಡ್ತಿ ಪಡೆದ ತಂಗಿ ಕಳೆದ ತಿಂಗಳು ಅಹಮದಾಬಾದಿನಲ್ಲಿ ನಿವೃತ್ತಳಾದಳು. ಅಲ್ಲಿನ ಬೋಡಕ್‌ದೇವ್ ಬಡಾವಣೆಯ ಅವರ ಮನೆಯಲ್ಲಿ ನಾನು ಭಾವನನ್ನು ಕೆಣಕಿದೆ, ನಿನ್ನ ನಿವೃತ್ತಿ ಯಾವಾಗ?

"ನನಗಿನ್ನೂ ಆರ್ಡರ್ ಬಂದಿಲ್ಲ" ಎಂದ, ಉದ್ದು ರುಬ್ಬುತ್ತಲೇ. ಎಲ್ಲರೂ ನಕ್ಕೆವು; ತಂಗಿ ನಗಲಿಲ್ಲ. ತಾನು ಬಿಟ್ಟುಬಂದ ಶಾಲೆಯ ಮಾತನ್ನು ಅವನು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಎತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ನೋಡಿದರೆ, ಅದೇ ಬಹುಮಾನದ ಸೀರೆಯುಟ್ಟ ತಂಗಿ ಗ್ರೈಂಡರಿಗೆ ಹಗ್ಗ ಬಿಗಿಯುತ್ತಿದ್ದಾಳೆ!

"ಗ್ರೈಂಡರ್ ದಾವಣಗೆರೆಗೆ ಹೊರಟಿದೆ, ಅದರ ಹಿಂದೆ ನಾನು" ಎಂದಳು. "ನಿಮ್ಮ ಡ್ರಾಯಿಂಗ್ ಕ್ಲಾಸಿಗೆ ಜಾಗ ನೋಡಿದ್ದೀನಿ. ನೀವು ಬರೋದಾದ್ರೆ ಬನ್ನಿ."

ಗಂಟು ಸಡಿಲವಾಗಿದೆ ಎಂದು ಗೊಣಗುತ್ತ ಭಾವ ಬಾಗಿದ. ಬಹಳ ಹೊತ್ತು ತಲೆಯೆತ್ತಲೇ ಇಲ್ಲ. ಕಣ್ಣು ಮಂಜಾದವನ ಕೈಗೆ ಆ ಗಂಟು ಸಿಗಬೇಕಲ್ಲ!