ನಾಳೆ ಬನ್ನಿ, ಲೋಲಾ

ಸಾರ್ಜೆಂಟ್ ಪಿಡಿಯೊ ಆ ದಿನ ಮಾಡಿದ ತಪ್ಪು ಇಷ್ಟೇ: ಸಾವಿನ ಮನೆಯಿಂದ ಹೊರಟವನು ಬೇಕರಿಗೆ ಹೋಗಲಿಲ್ಲ.

ಸಾನ್ ಇಸಾಯಾಸಿನಲ್ಲಿ ಹೆಣ ನೋಡಿದವರು ಯಾರೂ ನೆಟ್ಟಗೆ ಮನೆಗೆ ಹೋಗುವುದಿಲ್ಲ. ಹೋದರೆ ಸತ್ತವರು ಬೆನ್ನು ಹತ್ತಿ ಬರುತ್ತಾರೆ. ನಡುವೆ ಎಲ್ಲಾದರೂ ಕಾಲಿಟ್ಟು, ಒಂದು ಬನ್ನು ತಿಂದು, ಒಂದು ಕಾಫಿ ಕುಡಿದು ಎದ್ದುಬಿಡಬೇಕು; ಬೆನ್ನಿಗೆ ಬಂದವರು ದಾರಿ ತಪ್ಪಿ ಅಲ್ಲೇ ಉಳಿಯುತ್ತಾರೆ. ಪಗ್‌ಪಗ್ ಅನ್ನುತ್ತಾರೆ ಇದಕ್ಕೆ, ಮೈ ಕೊಡವಿಕೊಳ್ಳುವ ಶಾಸ್ತ್ರ. ಸಂತೆಬೀದಿಯ ಬೇಕರಿಯವನು ಈ ಶಾಸ್ತ್ರದ ದೆಸೆಯಿಂದಲೇ ಮನೆಯ ಮೇಲೆ ಮಹಡಿ ಎಬ್ಬಿಸಿದ್ದಾನೆ. ಅವನ ಅಂಗಡಿಯೊಳಗೆ ಊರಿನ ಎಷ್ಟು ಮಂದಿ ಹಿರಿಯರು ತಂಗಿದ್ದಾರೋ ದೇವರೇ ಬಲ್ಲ, ಬನ್ನು ಮಾತ್ರ ಮೆತ್ತಗೆ ಚೆನ್ನಾಗಿರುತ್ತದೆ.

ಬೆಳಿಗ್ಗೆ ಪಿಡಿಯೊ ಬೂಟು ಕಟ್ಟಿಕೊಳ್ಳುವಾಗಲೇ ಹೆಂಡತಿ ನೆನಿತಾ ಬಾಗಿಲಿಗೆ ಅಡ್ಡ ನಿಂತಿದ್ದಳು. ಒಳಗೆ ತೊಟ್ಟಿಲಲ್ಲಿ ಮೊಮ್ಮಗಳು ಮಲಗಿದ್ದಳು. ಹುಟ್ಟಿ ತಿಂಗಳು ತುಂಬಿಲ್ಲ, ಇನ್ನೂ ಜ್ಞಾನಸ್ನಾನ ಆಗಿಲ್ಲ. ಅಂಥ ಹಸುಗೂಸಿರುವ ಮನೆಗೆ ಸತ್ತವರ ಗಾಳಿ ಹೊಕ್ಕರೆ ಏನಾಗುತ್ತದೆಂದು ಪಿಡಿಯೊಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೆನಿತಾ ಹುಟ್ಟಿದ ಕೇರಿಯಲ್ಲಿ ಹಾಗೆ ಹೋದ ಕೂಸುಗಳ ಕತೆ ಒಂದೆರಡಲ್ಲ.

"ನೋಡಿ, ಬರುವಾಗ ಯಾರನ್ನೂ ಕರ್ಕೊಂಡು ಬರಬೇಡಿ," ಎಂದಿದ್ದಳು. ಅವಳು ತಮಾಷೆ ಮಾಡುತ್ತಿರಲಿಲ್ಲ.

ಸತ್ತವಳು ಲೋಲಾ ಪುರಿಂಗ್, ಅಂದರೆ ಪುರಿಂಗ್ ಅಜ್ಜಿ, ಊರ ಮಕ್ಕಳಿಗೆಲ್ಲ ಶಾಲೆಯ ಅಂಗಿ ಹೊಲಿದುಕೊಟ್ಟ ಮುದುಕಿ. ಹೋದ ವರ್ಷ ಬಿರುಗಾಳಿಗೆ ಹೆದರಿ ಜನ ಇಗರ್ಜಿಯಲ್ಲಿ ಆಸರೆ ಪಡೆದಿದ್ದಾಗ ಯಾರೋ ಅವಳ ಹೊಲಿಗೆ ಮಿಷನ್ ಹೊತ್ತೊಯ್ದಿದ್ದರು. ಅಂದಿನಿಂದ ಪ್ರತಿ ಸಂತೆಯ ದಿನ ಅವಳು ಠಾಣೆಗೆ ಬರುವಳು, ಪಿಡಿಯೊನ ಮೇಜಿನೆದುರು ಬೆಂಚಿನ ಮೇಲೆ ಕೂರುವಳು, "ನನ್ನ ಮಿಷನ್ ಸಿಕ್ತಾ ಮಗನೇ?" ಎಂದು ಕೇಳುವಳು. ಪಿಡಿಯೊ ಫೋನಿನಿಂದ ಕಣ್ಣೆತ್ತದೆ, "ತನಿಖೆ ನಡೀತಿದೆ, ನಾಳೆ ಬನ್ನಿ ಲೋಲಾ," ಅನ್ನುವನು. ತನಿಖೆ ನಡೆಯುವುದಿರಲಿ, ಅಂಬೆಗಾಲೂ ಇಟ್ಟಿರಲಿಲ್ಲ. ಅವನು ಕೆಟ್ಟವನೇನಲ್ಲ, ಸೋಮಾರಿ. ಕೆಟ್ಟವನಾಗಲಿಕ್ಕೂ ಒಂದಿಷ್ಟು ಓಡಾಟ ಬೇಕಲ್ಲ. ಅವಳ ಮನೆಯ ಹೊಸ್ತಿಲನ್ನು ಅವನು ಮೊದಲ ಸಲ ತುಳಿದದ್ದು ಇವತ್ತು, ಠಾಣೆಯ ಪರವಾಗಿ ಹೂಚಕ್ರ ಹಿಡಿದುಕೊಂಡು. ಊರಿನ ಠಾಣಾಧಿಕಾರಿ ಮೇಜರ್ ಪಾಂತಾಲಿಯೊ, "ನೀನೇ ಹೋಗಪ್ಪ, ಆಕೆಗೆ ನಿನ್ನ ಪರಿಚಯವೇ ಜಾಸ್ತಿ," ಎಂದು ಅವನನ್ನೇ ಅಟ್ಟಿದ್ದರು.

ಶವಪೆಟ್ಟಿಗೆಯಲ್ಲಿ ಲೋಲಾಳ ಬೋಳು ನೆತ್ತಿಗೆ ಹೂವಿನ ಬಟ್ಟೆ ಸುತ್ತಿದ್ದರು. ಮುಚ್ಚಳದ ಗಾಜಿನ ಮೇಲೆ ಒಂದು ಕೋಳಿಮರಿ ಬಿಟ್ಟಿದ್ದರು. ಕೊಲೆಯಾದವರ ಪೆಟ್ಟಿಗೆಯ ಮೇಲೆ ಹಾಗೆ ಮರಿ ಬಿಡುವುದುಂಟು. ಅದು ಗಾಜನ್ನು ಕುಕ್ಕಿದ ಹಾಗೆಲ್ಲ ಕೊಂದವನ ಮನಸ್ಸನ್ನೂ ಕುಕ್ಕುತ್ತದಂತೆ. ಲೋಲಾಳನ್ನು ಯಾರೂ ಕೊಂದಿರಲಿಲ್ಲ. ಆದರೆ ಪಕ್ಕದ ಮನೆಯವಳು ಪಿಡಿಯೊಗೆ ಬಿಸ್ಕತ್ತು ಕೊಡುತ್ತ, ಮಿಷನ್ ಕದ್ದವನಿಗೂ, ಹುಡುಕದೆ ಕೂತವನಿಗೂ ಒಂದೇ ಮರಿ ಸಾಕು ಅಂತ ತಾನೇ ತಂದು ಬಿಟ್ಟಿದ್ದಾಗಿ ಹೇಳಿದಳು. ಪಿಡಿಯೊ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡ. ಮರಿ ಅವನ ಕಡೆಗೇ ಕತ್ತು ಓರೆ ಮಾಡಿ ನೋಡಿ ಗಾಜನ್ನು ಕುಕ್ಕಿತು. ಟಕ್ ಟಕ್ ಟಕ್. ಕಿಟಕಿಯ ಬಳಿ ಮಿಷನ್ ಇದ್ದ ಜಾಗದಲ್ಲಿ ನೆಲ ಇನ್ನೂ ಸವೆದು ಹೊಳೆಯುತ್ತಿತ್ತು. ಅವನು ಬಿಸ್ಕತ್ತನ್ನು ಅಲ್ಲೇ ಬಿಟ್ಟು ಹೊರಗೆ ಬಂದ.

ಬೇಕರಿ ನಾಲ್ಕು ಹೆಜ್ಜೆ ದೂರವಿತ್ತು. ಅಷ್ಟರಲ್ಲಿ ಠಾಣೆಯ ಜೀಪು ಅಡ್ಡ ಬಂದು ನಿಂತು ಹಾರ್ನ್ ಹೊಡೆಯಿತು. ಸ್ಟೀರಿಂಗ್ ಹಿಡಿದವನು ಗೋರ್ಡಿಂಗ್, ಹೋದ ವಾರ ಬೇರೆ ದ್ವೀಪದಿಂದ ವರ್ಗವಾಗಿ ಬಂದ ಪೇದೆ. ಊರಿನ ಯಾರ ಮುಖವೂ ಗೊತ್ತಿಲ್ಲ, ಆದರೆ ಎಲ್ಲರಿಗೂ ಉಪಕಾರ ಮಾಡಬೇಕೆಂಬ ಚಟ. ತರಬೇತಿ ಶುರುವಾಗಿಬಿಟ್ಟಿದೆ, ಮೇಜರ್ ಕೂಗಾಡುತ್ತಿದ್ದಾರೆ, ಹತ್ತಿ ಎಂದ. ಪಿಡಿಯೊ ಬೇಕರಿಯ ಕಡೆ ಬೆರಳು ತೋರಿಸಿದ.

"ಪಗ್‌ಪಗ್‌ಗೆ ಬೇಕರೀನೇ ಯಾಕೆ ಸಾರ್? ಪುರಸಭೆ ಮಹಡಿ ಸಾಕು. ಸರ್ಕಾರಿ ಕಟ್ಟಡದಲ್ಲಿ ಬದುಕಿರೋರೇ ದಾರಿ ತಪ್ತಾರೆ, ಸತ್ತೋರು ಯಾವ ಲೆಕ್ಕ," ಎಂದು ಗೋರ್ಡಿಂಗ್ ಅವನನ್ನು ಎಳೆದು ಕೂರಿಸಿಕೊಂಡ.

ಮಾತು ಸರಿಯೆನಿಸಿತು. ಎಲ್ಲಾದರೇನು, ಮನೆಗೆ ಮೊದಲು ಒಂದು ಕಡೆ ಕಾಲಿಟ್ಟರಾಯಿತು. ಆದರೆ ಜೀಪು ತಿರುಗುವಾಗ ಹಿಂದಿನ ಸೀಟಿನ ಸ್ಪ್ರಿಂಗು, ಯಾರೋ ಹಗುರವಾಗಿ ಕೂತ ಹಾಗೆ, ಕಿರ್ರೆಂದಿತು.

ತರಬೇತಿ ಪುರಸಭೆಯ ಮಹಡಿಯಲ್ಲಿ. ಪೊಲೀಸರು, ಕೋರ್ಟಿನ ಗುಮಾಸ್ತರು, ಸರ್ಕಾರಿ ಡಾಕ್ಟರು, ಎಲ್ಲರನ್ನೂ ತಂದು ಸಾಲಾಗಿ ಕೂರಿಸಿದ್ದರು. ಅಪರಾಧಕ್ಕೆ ಸಿಕ್ಕಿ ನೊಂದವರಿಗೆ ಕಾನೂನಿನಲ್ಲಿ ಏನೇನು ಹಕ್ಕುಗಳಿವೆ, ಅವರೊಡನೆ ಹೇಗೆ ನಡೆದುಕೊಳ್ಳಬೇಕು ಎಂದು ಹೇಳಿಕೊಡಲು ಮನಿಲಾದಿಂದ ಅಟರ್ನಿ ರಿಗೊಡೋನ್ ಎಂಬ ವಕೀಲೆ ಬಂದಿದ್ದಳು. ಸಣ್ಣ ದೇಹ, ಕನ್ನಡಕ, ಇಡೀ ಸಭೆಯನ್ನು ಒಂದೇ ಹುಬ್ಬಿನಲ್ಲಿ ಕಟ್ಟಿಹಾಕುವ ಹೆಂಗಸು. ನೊಂದವರನ್ನು ಕಾಯಿಸಬಾರದು, ಅಲೆಸಬಾರದು, ಹೇಳಿದ್ದನ್ನೇ ಹತ್ತು ಸಲ ಹೇಳಿಸಬಾರದು ಎಂದಳು. ವಯಸ್ಸಾದವರು ನಿಮ್ಮ ಬಳಿಗೆ ಬರುವುದಲ್ಲ, ನೀವು ಅವರಿಗೆ ಅನುಕೂಲ ಮಾಡಿಕೊಡಬೇಕು ಎಂದಳು. ಗೋರ್ಡಿಂಗ್ ಒಂದಕ್ಷರ ಬಿಡದೆ ತಲೆಯಾಡಿಸುತ್ತಿದ್ದ.

"ಎಲ್ಲಕ್ಕಿಂತ ದೊಡ್ಡ ಹಕ್ಕು ಯಾವುದು ಗೊತ್ತಾ? ನನ್ನ ಕೇಸು ಎಲ್ಲಿಗೆ ಬಂತು ಅಂತ ತಿಳ್ಕೊಳ್ಳೋ ಹಕ್ಕು," ಎಂದಳು ವಕೀಲೆ. "ಅದನ್ನ ಹೇಳೋವರೆಗೂ ಅವರು ಎಷ್ಟು ಸಲ ಬೇಕಾದ್ರೂ ಬಂದು ಕೇಳಬಹುದು."

ಪಿಡಿಯೊನ ಪಕ್ಕದ ಕುರ್ಚಿಯಲ್ಲಿ ಯಾರೋ ನಿಟ್ಟುಸಿರಿಟ್ಟರು. ತಿರುಗಿ ನೋಡಿದರೆ ಕುರ್ಚಿ ಖಾಲಿ. ಬೆಳಗಿನಿಂದ ಖಾಲಿಯೇ. ಜಾಗ ಸಾಲದೆ ಗುಮಾಸ್ತರು ಗೋಡೆಗೊರಗಿ ನಿಂತಿದ್ದರೂ ಆ ಕುರ್ಚಿಗೆ ಮಾತ್ರ ಯಾರೂ ಬಂದಿರಲಿಲ್ಲ. ಒಬ್ಬ ಬಂದವನು ಕೂರಲು ಬಗ್ಗಿ, "ಕ್ಷಮಿಸಿ," ಎಂದು ಯಾರಿಗೋ ಹೇಳಿ ವಾಪಸು ಹೋಗಿದ್ದ.

ಪಿಡಿಯೊನ ತೋಳಿನ ಮೇಲೆ ಬಿಳಿಯ ದಾರದ ಎಳೆಯೊಂದು ಅಂಟಿತ್ತು. ಕಿತ್ತು ಎಸೆದ. ಸ್ವಲ್ಪ ಹೊತ್ತಿಗೆ ಇನ್ನೊಂದು. ಮಿಷನ್ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಮೇಜಿನ ಕೆಳಗಿನಿಂದ ಸದ್ದು ಶುರುವಾಯಿತು, ಟಕ್ ಟಕ್ ಟಕ್, ಯಾರೋ ಪೆಡಲು ತುಳಿಯುತ್ತಿರುವ ಹಾಗೆ. ಕಾಲು ಕುಣಿಸಬೇಡ ಎಂದು ಗೋರ್ಡಿಂಗನನ್ನು ಗದರಿದ. ಗೋರ್ಡಿಂಗ್ ತನ್ನ ಎರಡೂ ಪಾದಗಳನ್ನು ಎತ್ತಿ ತೋರಿಸಿದ. ಸದ್ದು ನಿಲ್ಲಲಿಲ್ಲ.

ಊಟವಾದ ಮೇಲೆ ಮೋಡ ಕವಿಯಿತು, ಕರೆಂಟೂ ಹೋಯಿತು. ಆ ಮಬ್ಬಿನಲ್ಲಿ ವಕೀಲೆಗೆ ಒಂದು ನಾಟಕ ಆಡಿಸುವ ಮನಸ್ಸಾಯಿತು. ಒಬ್ಬ ಪೊಲೀಸಿನವನಾಗಬೇಕು, ಒಬ್ಬ ನೊಂದವನಾಗಬೇಕು. ಗೋರ್ಡಿಂಗ್ ತಾನೇ ಎದ್ದು ಪೊಲೀಸಾದ. ಎದ್ದವನು ಸುಮ್ಮನಿರದೆ, ನೊಂದವರಾಗಲಿಕ್ಕೆ ನಮ್ಮ ಸಾರ್ಜೆಂಟರೇ ಸರಿ, ಬೆಳಗಿನಿಂದ ಮುಖ ಹಾಗೇ ಇದೆ ಎಂದು ಪಿಡಿಯೊನನ್ನು ಮುಂದಕ್ಕೆ ನೂಕಿದ. ಸಭೆ ನಕ್ಕಿತು. ವಕೀಲೆ ಒಂದು ಕುರ್ಚಿ ತರಿಸಿ ಹಾಕಿದಳು. ತಂದದ್ದು ಅದೇ ಖಾಲಿ ಕುರ್ಚಿ.

ಪಿಡಿಯೊ ಕೂತ. ಕುರ್ಚಿ ಬೆಚ್ಚಗಿತ್ತು.

ಏನು ಕಳುವಾಯಿತು ಹೇಳಿ ಎಂದ ಗೋರ್ಡಿಂಗ್. ಸೈಕಲ್ ಎಂದು ಹೇಳಿ ಮುಗಿಸೋಣವೆಂದು ಪಿಡಿಯೊ ಬಾಯಿ ತೆರೆದ. ಬಂದದ್ದು ಅವನ ದನಿಯಲ್ಲ.

"ನನ್ನ ಮಿಷನ್ ಕಣಪ್ಪಾ. ಕರೀದು, ಮೇಲೆ ಬಂಗಾರದ ಹೂವಿನ ಬಳ್ಳಿ. ಯಜಮಾನರು ದೋಣಿ ಮಾರಿ ತಂದುಕೊಟ್ಟಿದ್ದು. ಅದರ ಡ್ರಾಯರ್ ಅಂಚಿಗೆ ನನ್ನ ಮಗನ ಹಲ್ಲಿನ ಗುರುತಿದೆ, ಹಲ್ಲು ಬರೋವಾಗ ಕಚ್ಚಿದ್ದ. ಮಗ ಸಮುದ್ರದಲ್ಲಿ ಹೋದ. ಅವನದು ಅಂತ ಉಳಿದಿದ್ದು ಆ ಗುರುತೊಂದೇ. ಮಿಷನ್ ಬೇಕಾದ್ರೆ ಇಟ್ಕೊಳ್ಳಲಿ, ಡ್ರಾಯರ್ ಕೊಡ್ಲಿ ಸಾಕು."

ಗೋರ್ಡಿಂಗ್ ಪಾತ್ರ ಬಿಡದೆ, ಕೆಟ್ಟ ಪೊಲೀಸಿನವನು ಹೇಗಿರುತ್ತಾನೆಂದು ತೋರಿಸಲು ಕೈಯೆತ್ತಿ ಆಕಳಿಸಿದ. "ತನಿಖೆ ನಡೀತಿದೆ. ನಾಳೆ ಬನ್ನಿ."

ಪಿಡಿಯೊನ ಕಣ್ಣಿಂದ ನೀರು ದಳದಳ ಇಳಿಯಿತು. ಅದು ಲೋಲಾಳ ಅಳುವೋ ತನ್ನದೋ ಅವನಿಗೆ ತಿಳಿಯಲಿಲ್ಲ. ಈ ಡ್ರಾಯರಿನ ಕತೆಯನ್ನು ಅವಳು ಪ್ರತಿ ಸಂತೆಗೂ ಹೇಳಿದ್ದಳು. ತಾನು ಕೇಳಿಸಿಕೊಂಡೇ ಇಲ್ಲ ಅಂದುಕೊಂಡಿದ್ದ. ಒಂದು ಮಾತೂ ತಪ್ಪದೆ ಒಳಗೆ ಕೂತಿತ್ತು. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಜನ ಎದ್ದು ಚಪ್ಪಾಳೆ ತಟ್ಟಿದರು. ವಕೀಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಹೆಂಗಸಿನ ದನಿಯನ್ನು ಇಷ್ಟು ಚೆನ್ನಾಗಿ ಮಾಡುವ ಪೊಲೀಸನ್ನು ತಾನು ನೋಡೇ ಇಲ್ಲ ಎಂದಳು. ಅಷ್ಟೊತ್ತಿಗೆ ಮುಕ್ತಾಯದ ಭಾಷಣಕ್ಕೆ ಬಂದು ಬಾಗಿಲಲ್ಲಿ ನಿಂತಿದ್ದ ಮೇಜರ್ ಅಲ್ಲೇ ಘೋಷಿಸಿಬಿಟ್ಟರು: ಇನ್ನು ಮೇಲೆ ಈ ಊರಿನಲ್ಲಿ ನೊಂದು ಬಂದವರ ಜವಾಬ್ದಾರಿಯೆಲ್ಲ ಪಿಡಿಯೊನದು, ಯಾರೇ ಬರಲಿ, ಯಾವಾಗಲೇ ಬರಲಿ, ನೆಟ್ಟಗೆ ಅವನ ಬಳಿಗೇ ಕಳಿಸತಕ್ಕದ್ದು. ಮತ್ತೆ ಚಪ್ಪಾಳೆ. ಖಾಲಿಯಾದ ಕುರ್ಚಿಯ ಕಡೆಯಿಂದಲೂ ಒಂದು ಸಣ್ಣ ಚಪ್ಪಾಳೆ ಕೇಳಿದ ಹಾಗಾಯಿತು.

ಎಲ್ಲರೂ ಇಳಿದು ಹೋದ ಮೇಲೆ ಪಿಡಿಯೊ ಒಬ್ಬನೇ ಆ ಕುರ್ಚಿಯ ಮುಂದೆ ನಿಂತ. ಟೋಪಿ ಕೈಯಲ್ಲಿತ್ತು. ಉಳಿದಿದ್ದ ಒಂದು ಬನ್ನು, ಒಂದು ಲೋಟ ಕಾಫಿಯನ್ನು ಕುರ್ಚಿಯ ಮೇಲಿಟ್ಟ.

"ಲೋಲಾ, ತಪ್ಪಾಯ್ತು. ಮಿಷನ್ ಹುಡುಕ್ತೀನಿ. ನೀವು ಇಲ್ಲೇ ಇರಿ, ಗಾಳಿ ಬೆಳಕು ಎಲ್ಲಾ ಇದೆ. ಮನೇಗೆ ಮಾತ್ರ ಬರಬೇಡಿ. ಎಳೇ ಕೂಸಿದೆ."

ಅವನು ಮೆಟ್ಟಿಲಿಳಿದ, ಬೀದಿಗೆ ಬಂದ, ಕಿವಿಗೊಟ್ಟ. ಟಕ್ ಟಕ್ ಇಲ್ಲ. ತೋಳು ನೋಡಿಕೊಂಡ, ದಾರ ಇಲ್ಲ. ಶಾಸ್ತ್ರ ಸುಳ್ಳಲ್ಲವಪ್ಪಾ ಎಂದು ಶಿಲುಬೆಯ ಗುರುತು ಹಾಕಿಕೊಂಡು, ಎದೆ ಹಗುರ ಮಾಡಿಕೊಂಡು ನಡೆದೇ ಮನೆಗೆ ಹೋದ.

ಮನೆಯಲ್ಲೂ ಕರೆಂಟಿರಲಿಲ್ಲ. ನೆನಿತಾ ಮೋಂಬತ್ತಿ ಹಿಡಿದು ಅವನ ಬೆನ್ನ ಹಿಂದೆಲ್ಲ ಇಣುಕಿ ನೋಡಿ, ಯಾರೂ ಇಲ್ಲವೆಂದು ಖಾತರಿಯಾದ ಮೇಲೆ ಒಳಗೆ ಬಿಟ್ಟಳು. ಕೂಸು ನಿದ್ದೆಯಲ್ಲೇ ನಗುತ್ತಿತ್ತು. ಪಿಡಿಯೊ ಅದರ ಬೆರಳು ಹಿಡಿದು ಕೂತ. ನಾಳೆ ಬೆಳಿಗ್ಗೆಯೇ ಹಳೇ ಸಾಮಾನಿನವರ ಬೀದಿಗೆ ಹೋಗುವುದು, ಕರೀ ಮಿಷನ್ ಎಲ್ಲಿದ್ದರೂ ಬಿಡುವುದಿಲ್ಲ ಎಂದು ನಿಶ್ಚಯಿಸಿದ. ನಿಜವಾಗಿಯೂ ನಿಶ್ಚಯಿಸಿದ, ನಾನು ಅವನ ಪರವಾಗಿ ಹೇಳಬೇಕಾದ ಮಾತು ಇದು. ಆದರೆ ಅವನ ನಾಳೆಗಳ ಸಂಗತಿ ಊರಿಗೇ ಗೊತ್ತು.

ಅಷ್ಟರಲ್ಲಿ ಫೋನು. ಮೇಜರ್. ದನಿಯಲ್ಲಿ ಹೆಮ್ಮೆ ತುಳುಕುತ್ತಿತ್ತು.

"ಪಿಡಿಯೊ, ನಿನ್ನ ಮೊದಲ ಗಿರಾಕಿ ಆಗಲೇ ಬಂದುಬಿಟ್ಟಿದಾರಪ್ಪಾ. ಪುರಸಭೆ ಕಾವಲುಗಾರ ಫೋನ್ ಮಾಡಿದ್ದ. ಮಹಡೀಲಿ ಕತ್ತಲಲ್ಲಿ ಯಾರೋ ಮುದುಕಿ ಬನ್ನು ತಿಂತಾ ಕೂತಿದಾರಂತೆ, ಬಾಗಿಲು ಹಾಕಬೇಕು ಏಳಿ ಅಂದ್ರೆ, ನನ್ನ ಕೇಸು ಎಲ್ಲಿಗೆ ಬಂತು ತಿಳ್ಕೊಳ್ಳೋ ಹಕ್ಕು ನನಗಿದೆ ಅಂತಾರಂತೆ."

ಅಲ್ಲೇ ಇರಲಿ ಸಾರ್, ಅವರನ್ನು ಏಳಿಸಬೇಡಿ ಸಾರ್ ಎಂದು ಪಿಡಿಯೊ ತೊದಲಿದ.

"ಛೇ, ವಯಸ್ಸಾದೋರನ್ನ ಕಾಯಿಸಬಾರದು ಅಂತ ಆ ವಕೀಲಮ್ಮ ಅಷ್ಟು ಹೇಳಿಲ್ವಾ? ಗೋರ್ಡಿಂಗ್ ಅವರನ್ನ ಜೀಪಲ್ಲಿ ನಿನ್ನ ಮನೆಗೇ ಕರ್ಕೊಂಡು ಬರ್ತಿದಾನೆ."

ಸತ್ತವರು ಬೆನ್ನು ಹತ್ತಿ ಬಾರದಿರಲಿ ಅಂತ ಹಿರಿಯರು ಶಾಸ್ತ್ರ ಮಾಡಿಟ್ಟರು ಸರಿ, ಸರ್ಕಾರಿ ಜೀಪಿನಲ್ಲಿ ಕೂರಿಸಿ ಕರೆತಂದರೆ ಅದಕ್ಕೆ ಯಾವ ಶಾಸ್ತ್ರ? ಗೇಟಿನ ಬಳಿ ಬೆಳಗಿನದೇ ಹಾರ್ನು ಕೂಗಿತು. ಗೋರ್ಡಿಂಗ್ ಇಳಿದು, ಹಿಂದಿನ ಬಾಗಿಲು ತೆಗೆದು, ಕತ್ತಲೊಳಗೆ ತುಂಬ ಮರ್ಯಾದೆಯಿಂದ ಕೈ ಚಾಚಿದ. ಅಡಿಗೆಮನೆಯಿಂದ ನೆನಿತಾ, ಯಾರು ಬಂದದ್ದು, ಹೊರಗೆ ಯಾಕೆ ನಿಲ್ಲಿಸಿದ್ದೀರಿ, ಒಳಗೆ ಕರೆಯಿರಿ ಎಂದು ಕೂಗಿದಳು. ಪಿಡಿಯೊ ಗೇಟಿಗೆ ಓಡಿ ಎರಡು ಕೈಯಿಂದಲೂ ಅದನ್ನು ಒತ್ತಿ ಹಿಡಿದ. ಮಿಷನ್ ಎಣ್ಣೆಯ ವಾಸನೆ ಬಂತು. ಸರಳಿನ ಆಚೆ ಬೋಳು ನೆತ್ತಿಗೆ ಸುತ್ತಿದ ಅದೇ ಹೂವಿನ ಬಟ್ಟೆ, ಅದೇ ತಾಳ್ಮೆಯ ಮುಖ, ಗಾಜಿನ ಕೆಳಗೆ ಬೆಳಿಗ್ಗೆ ನೋಡಿದ್ದು.

"ನನ್ನ ಮಿಷನ್ ಸಿಕ್ತಾ ಮಗನೇ?"

ಹೇಳಬೇಕಾದ್ದು ಸಾವಿರವಿತ್ತು. ಆದರೆ ಹೆದರಿದವನ ಬಾಯಿಗೆ ಬರುವುದು ರೂಢಿಯ ಮಾತೇ.

"ತನಿಖೆ ನಡೀತಿದೆ. ನಾಳೆ ಬನ್ನಿ, ಲೋಲಾ."

ಅಂದವನು ನಾಲಗೆ ಕಚ್ಚಿಕೊಂಡ. ಮುದುಕಿ ಎಂದಿನ ಹಾಗೆಯೇ ತಲೆಯಾಡಿಸಿದಳು. ಆಮೇಲೆ ನಿಧಾನವಾಗಿ ಗೇಟು ನೋಡಿದಳು, ಬಾಗಿಲು ನೋಡಿದಳು, ಮೋಂಬತ್ತಿಯ ಬೆಳಕಿನಲ್ಲಿ ತೂಗುತ್ತಿದ್ದ ತೊಟ್ಟಿಲು ನೋಡಿದಳು.

"ಆಗ್ಲಿ ಮಗನೇ, ಬರ್ತೀನಿ. ಠಾಣೆ ದೂರ ಆಗ್ತಿತ್ತು. ಈಗ ಮನೆ ಗೊತ್ತಾಯ್ತಲ್ಲ."